ಗೋಲುಗಳ ಪಟ್ಟಿಗೆ ಸಿಗದ ಐಸ್ ಹಾಕಿ ಆಟಗಾರರು

ಮಾನ್ಯ ಸಂಪಾದಕರೇ,

ಐಸ್ ಹಾಕಿಯ ಮಹಾನ್ ಆಟಗಾರರನ್ನು ಕುರಿತು ತಮ್ಮ ಕ್ರೀಡಾಪುಟದಲ್ಲಿ ಪ್ರಕಟವಾದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೊಡಗಿನವನು, ಮೈದಾನದ ಹಾಕಿಯನ್ನು ನೋಡುತ್ತಲೇ ಬೆಳೆದವನು. ಕೆಲವು ವರ್ಷಗಳಿಂದ ಚಳಿಗಾಲದ ತಿಂಗಳುಗಳನ್ನು ಕೆನಡಾದ ಒಂಟಾರಿಯೊದಲ್ಲಿರುವ ಮಗಳ ಮನೆಯಲ್ಲಿ ಕಳೆಯುತ್ತಿದ್ದು, ಅಲ್ಲಿನ ಜನ ಬರಿದೇ ‘ಹಾಕಿ’ ಎಂದು ಕರೆಯುವ ಆ ಮಂಜುಗಡ್ಡೆಯ ಆಟವೂ ಈಗ ನನಗೆ ಅಷ್ಟೇ ಪ್ರಿಯವಾಗಿದೆ. ಕನ್ನಡದ ಓದುಗರಿಗೆ ಅದನ್ನು ಪರಿಚಯಿಸಿದ್ದಕ್ಕಾಗಿ ತಮಗೆ ಕೃತಜ್ಞ. ಆದರೆ ಯಾರು ದೊಡ್ಡವರು ಎಂಬುದನ್ನು ಗೋಲುಗಳ ಎಣಿಕೆಯೊಂದರಿಂದಲೇ ಆ ಲೇಖನ ತೀರ್ಮಾನಿಸಿರುವುದಕ್ಕೆ ನನ್ನ ಆಕ್ಷೇಪವಿದೆ.

2025ರ ಏಪ್ರಿಲ್ 6ರಂದು ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಅಲೆಕ್ಸಾಂಡರ್ ಒವೆಚ್ಕಿನ್ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ತಮ್ಮ 895ನೇ ಗೋಲನ್ನು ಹೊಡೆದು ವೇಯ್ನ್ ಗ್ರೆಟ್ಸ್ಕಿಯವರ 894 ಗೋಲುಗಳ ದಾಖಲೆಯನ್ನು ಮುರಿದರು. ಅದು ಒವೆಚ್ಕಿನ್ ಅವರ 1,487ನೇ ಪಂದ್ಯವಾಗಿತ್ತು. ಗ್ರೆಟ್ಸ್ಕಿ ಲೀಗ್‌ನಲ್ಲಿ ಆಡಿದ್ದೂ ಒಟ್ಟು 1,487 ಪಂದ್ಯಗಳನ್ನೇ. ಅಸಾಮಾನ್ಯ ಸಾಧನೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದರಿಂದ ಗ್ರೆಟ್ಸ್ಕಿ ಎರಡನೆಯ ಸ್ಥಾನಕ್ಕೆ ಇಳಿದರು ಎಂಬ ಮಾತನ್ನು ಒಪ್ಪಲಾಗದು. ಗೋಲು ಹೊಡೆದವನಿಗೆ ಒಂದು ಪಾಯಿಂಟ್ ಸಿಕ್ಕಂತೆ, ಆ ಗೋಲಿಗೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಒದಗಿಸಿಕೊಟ್ಟವನಿಗೂ ‘ಅಸಿಸ್ಟ್’ ಎಂದು ಒಂದು ಪಾಯಿಂಟ್ ಸಿಗುವುದು ಈ ಆಟದ ನಿಯಮ. ಗ್ರೆಟ್ಸ್ಕಿಯವರ ಒಟ್ಟು 2,857 ಪಾಯಿಂಟ್‌ಗಳಲ್ಲಿ 1,963 ಇಂತಹ ಅಸಿಸ್ಟ್‌ಗಳು. ಒಟ್ಟು ಪಾಯಿಂಟ್‌ಗಳಲ್ಲಿ ಅವರ ನಂತರದ ಸ್ಥಾನದಲ್ಲಿರುವ ಜೆಕ್ ಆಟಗಾರ ಯಾರೊಮಿರ್ ಯಾಗರ್ ಅವರು ಗೋಲು, ಅಸಿಸ್ಟ್ ಎರಡನ್ನೂ ಸೇರಿಸಿ ಗಳಿಸಿದ್ದು 1,921. ಅಂದರೆ ಗ್ರೆಟ್ಸ್ಕಿ ತಮ್ಮ ಜೀವಮಾನದಲ್ಲಿ ಒಂದೇ ಒಂದು ಗೋಲು ಹೊಡೆಯದೆ ಇದ್ದಿದ್ದರೂ ಪಾಯಿಂಟ್‌ಗಳ ಪಟ್ಟಿಯ ಮೊದಲ ಸ್ಥಾನದಲ್ಲಿ ಅವರೇ ಇರುತ್ತಿದ್ದರು. ಎದುರಾಳಿಯ ಗೋಲು ಬಲೆಯ ಹಿಂದೆ ನಿಂತು, ಧಾವಿಸಿ ಬರುವ ಜೊತೆಗಾರನಿಗಾಗಿ ಕಾಯುತ್ತಿದ್ದ ಅವರ ಆ ಜಾಗವನ್ನು ಅಲ್ಲಿನವರು ಇಂದಿಗೂ ‘ಗ್ರೆಟ್ಸ್ಕಿಯ ಆಫೀಸು’ ಎನ್ನುತ್ತಾರೆ. ಇನ್ನೊಬ್ಬರಿಂದ ಗೋಲು ಹೊಡೆಸುವುದೇ ಅವರ ಪ್ರತಿಭೆಯ ತಿರುಳಾಗಿತ್ತು. ಲೇಖನದಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ.

ನನಗೆ ಹೆಚ್ಚು ನೋವಾದದ್ದು ಬಾಬಿ ಆರ್ ಅವರ ಹೆಸರು ಎಲ್ಲಿಯೂ ಕಾಣದಿದ್ದುದಕ್ಕೆ. ಒಂಟಾರಿಯೊದ ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನ ಆರ್, 1966ರಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡಕ್ಕೆ ಆಡತೊಡಗಿದಾಗ, ಡಿಫೆಂಡರ್ ಎಂದರೆ ಹಿಂದೆ ನಿಂತು ಎದುರಾಳಿಯನ್ನು ತಡೆಯುವವನು ಎಂಬ ಕಲ್ಪನೆಯೇ ಸಾಮಾನ್ಯವಾಗಿತ್ತು. ಆರ್ ತಮ್ಮ ಬಲೆಯ ಹತ್ತಿರದಿಂದ ಪಕ್ ತೆಗೆದುಕೊಂಡು ಇಡೀ ರಿಂಕ್ (ಮಂಜುಗಡ್ಡೆಯ ಅಂಗಣ) ದಾಟಿ ಹೋಗಿ ಗೋಲು ಹೊಡೆದು, ಎದುರಾಳಿ ತಿರುಗಿ ಬರುವಷ್ಟರಲ್ಲಿ ತಮ್ಮ ಜಾಗದಲ್ಲಿ ಬಂದು ನಿಂತಿರುತ್ತಿದ್ದರು. ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಸಲ್ಲುವ ಗೌರವವನ್ನು ಎರಡು ಬಾರಿ ಪಡೆದ ಅವರ ಹೊರತು ಇನ್ನಾವ ಡಿಫೆಂಡರನೂ ಅದನ್ನು ಇದುವರೆಗೆ ಒಮ್ಮೆಯೂ ಪಡೆದಿಲ್ಲ. 1970ರ ಮೇ 10ರಂದು ಅವರು ಹೊಡೆದ ಗೋಲಿನಿಂದ ಬಾಸ್ಟನ್ ತಂಡ 29 ವರ್ಷಗಳ ನಂತರ, ಲೀಗ್‌ನ ಚಾಂಪಿಯನ್ ತಂಡಕ್ಕೆ ಸಲ್ಲುವ ಸ್ಟಾನ್ಲಿ ಕಪ್ ಗೆದ್ದಿತು. ಎದುರಾಳಿಯ ಕೋಲಿಗೆ ಎಡವಿ, ತೋಳುಗಳನ್ನು ಚಾಚಿ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುವ ಆ ಕ್ಷಣದ ಅವರ ಛಾಯಾಚಿತ್ರವನ್ನು ಕೆನಡಾದಲ್ಲಿ ನಾನು ಕ್ಷೌರದ ಅಂಗಡಿಯಲ್ಲಿಯೂ ಕಂಡಿದ್ದೇನೆ.

ಇಷ್ಟಾಗಿಯೂ ಅವರು ಆಡಿದ್ದು 657 ಪಂದ್ಯಗಳನ್ನು ಮಾತ್ರ. ಎಡ ಮೊಣಕಾಲಿಗೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾದವು. ಇಂದಿನ ವಿಧಾನಗಳು ಅಂದು ಇದ್ದಿದ್ದರೆ ಇನ್ನೂ ಎಷ್ಟೋ ವರ್ಷ ಆಡುತ್ತಿದ್ದರೇನೋ ಎಂದು ಅನಿಸದೆ ಇರದು. ಸ್ವಂತ ಅಣ್ಣನಂತೆ ನಂಬಿದ್ದ ಏಜೆಂಟ್ ಅಲನ್ ಈಗಲ್‌ಸನ್, ತಂಡದ ಮಾಲೀಕತ್ವದಲ್ಲಿ ಪಾಲು ಕೊಡುವುದಾಗಿ ಬಾಸ್ಟನ್ ಮುಂದಿಟ್ಟಿದ್ದ ಪ್ರಸ್ತಾವವನ್ನು ಅವರಿಗೆ ತಿಳಿಸಲೇ ಇಲ್ಲ. ಅದನ್ನರಿಯದೆ 1976ರಲ್ಲಿ ಶಿಕಾಗೊ ತಂಡಕ್ಕೆ ಹೋದ ಆರ್ ಅಲ್ಲಿ 26 ಪಂದ್ಯಗಳನ್ನಷ್ಟೇ ಆಡಲು ಸಾಧ್ಯವಾಗಿ, ಮೂವತ್ತನೆಯ ವಯಸ್ಸಿನಲ್ಲಿ ನಿವೃತ್ತರಾದರು. ಈಗಲ್‌ಸನ್ ವಂಚನೆಯ ಆರೋಪಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ ಜೈಲು ಸೇರಿದ್ದು 1998ರಲ್ಲಿ. ಇಂದು ಯಾವುದೇ ಡಿಫೆಂಡರ್ ಪಕ್ ಹಿಡಿದು ಮುನ್ನುಗ್ಗಿದಾಗ ಜನ ನೆನೆಯುವುದು ಆರ್ ಅವರನ್ನು. ಗೋಲುಗಳ ಪಟ್ಟಿಯಲ್ಲಿ ಮಾತ್ರ ಅವರು ಎಲ್ಲೋ ಬಹಳ ಕೆಳಗಿದ್ದಾರೆ.

ಅದೇ ಬಾಸ್ಟನ್ ತಂಡದ ವಿಲ್ಲಿ ಓರೀ ಅವರ ಲೆಕ್ಕ ಇನ್ನೂ ಚಿಕ್ಕದು: 45 ಪಂದ್ಯಗಳು, ನಾಲ್ಕು ಗೋಲುಗಳು. 1958ರ ಜನವರಿ 18ರಂದು ಮಾಂಟ್ರಿಯಲ್‌ನಲ್ಲಿ ರಿಂಕ್‌ಗೆ ಇಳಿದ ಅವರು ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ. ಅದಕ್ಕೂ ಎರಡು ವರ್ಷ ಹಿಂದೆ ಪಕ್ ಬಡಿದು ಅವರ ಬಲಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಅದು ತಿಳಿದರೆ ಆಡಲು ಬಿಡಲಾರರೆಂದು ಅವರು ವರ್ಷಗಟ್ಟಲೆ ಅದನ್ನು ಗುಟ್ಟಾಗಿಟ್ಟರು. ಎಡ ಅಂಚಿನಲ್ಲಿ ಆಡುತ್ತಿದ್ದುದರಿಂದ, ಬಲಗಡೆಯಿಂದ ಬರುವ ಪಕ್ ಕಾಣಲು ಪ್ರತಿ ಸಲವೂ ತಲೆಯನ್ನು ಪೂರ್ತಿ ತಿರುಗಿಸಬೇಕಾಗುತ್ತಿತ್ತು. ಮೈಮೇಲೆ ಬಂದು ಬೀಳುವವರು ತುಂಬಿರುವ ಈ ಆಟದಲ್ಲಿ ಅದು ಎಂತಹ ಅಪಾಯವೆಂಬುದು ಒಂದು ಪಂದ್ಯ ನೋಡಿದವರಿಗೂ ತಿಳಿಯುತ್ತದೆ. ಪ್ರೇಕ್ಷಕರ ನಿಂದೆಯನ್ನೂ ಅವರು ಸಹಿಸಬೇಕಾಯಿತು. ಅವರ ನಂತರ ಆ ಲೀಗ್‌ಗೆ ಎರಡನೆಯ ಕಪ್ಪು ಆಟಗಾರ ಬಂದದ್ದು 1974ರಲ್ಲಿ. ಬಾಸ್ಟನ್ ತಂಡ ಓರೀ ಅವರ 22ನೇ ಸಂಖ್ಯೆಯ ಜೆರ್ಸಿಯನ್ನು ಇನ್ನಾರಿಗೂ ಕೊಡದೆ ಗೌರವಿಸಲು 2022ರ ಜನವರಿ 18ರವರೆಗೆ, ಅಂದರೆ ಸರಿಯಾಗಿ 64 ವರ್ಷ, ಬೇಕಾಯಿತು. ಆಗ ಅವರಿಗೆ 86 ವರ್ಷ ವಯಸ್ಸು.

ಹಿರಿಮೆಯ ಬಗ್ಗೆ ಬರೆಯುವಾಗ ಅದಕ್ಕಾಗಿ ತೆತ್ತ ಬೆಲೆಯನ್ನೂ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎದುರಾಳಿಗಳೊಡನೆ ಮುಷ್ಟಿಕಾಳಗ ಮಾಡಿ ತನ್ನ ತಂಡದ ತಾರೆಗಳನ್ನು ಕಾಯುವುದೇ ಕೆಲಸವಾಗಿದ್ದ ಡೆರೆಕ್ ಬೂಗಾರ್ಡ್ 277 ಪಂದ್ಯಗಳಲ್ಲಿ ಹೊಡೆದದ್ದು ಮೂರು ಗೋಲು. ನೋವಿನ ಮಾತ್ರೆಗಳ ಚಟಕ್ಕೆ ಸಿಲುಕಿದ್ದ ಅವರು 2011ರಲ್ಲಿ, 28ನೆಯ ವಯಸ್ಸಿನಲ್ಲಿ, ಮಾತ್ರೆ ಮತ್ತು ಮದ್ಯ ಬೆರೆತು ತೀರಿಕೊಂಡರು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಬರುವ ಮೆದುಳಿನ ರೋಗ ಅವರಿಗಿತ್ತೆಂದು ನಂತರದ ಪರೀಕ್ಷೆಯಲ್ಲಿ ಗೊತ್ತಾಯಿತು. ಶಿಕಾಗೊ ತಂಡದ ಮೇರು ತಾರೆ ಸ್ಟಾನ್ ಮಿಕಿಟಾ 2018ರಲ್ಲಿ ತೀರಿಕೊಂಡ ಮೇಲೆ ಅವರ ಮೆದುಳಿನಲ್ಲಿಯೂ ಅದೇ ರೋಗ ಪತ್ತೆಯಾಯಿತು. ನೂರಾರು ಮಾಜಿ ಆಟಗಾರರು ಹೂಡಿದ್ದ ಮೊಕದ್ದಮೆಯನ್ನು ಅದೇ 2018ರಲ್ಲಿ ಲೀಗ್ ಹಣ ಕೊಟ್ಟು ಇತ್ಯರ್ಥ ಮಾಡಿಕೊಂಡಿತಾದರೂ, ತನ್ನ ಹೊಣೆಯನ್ನು ಒಪ್ಪಿಕೊಳ್ಳಲಿಲ್ಲ. ಇವರು ಸಹ ಆ ಆಟದ ಪರಂಪರೆಗೆ ಸೇರಿದವರೇ.

ಆದ್ದರಿಂದ ಈ ಆಟದ ಬಗ್ಗೆ ತಾವು ಮತ್ತೆ ಬರೆಸುವುದಾದರೆ, ದಾಖಲೆಗಳನ್ನು ಬಿಟ್ಟು ಬದುಕುಗಳಿಂದ ಆರಂಭಿಸಿರಿ ಎಂದು ಕೋರುತ್ತೇನೆ. ರಾಬಿನ್ ಬಾವಾ ಅವರಿಂದಲೇ ಆರಂಭಿಸಬಹುದು. ಬ್ರಿಟಿಷ್ ಕೊಲಂಬಿಯಾದ ಡಂಕನ್ ಎಂಬ ಊರಿನ ಪಂಜಾಬಿ ಕುಟುಂಬದ ಈ ಹುಡುಗ, ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರ. ಆಡಿದ್ದು 61 ಪಂದ್ಯ, ಹೊಡೆದದ್ದು ಆರು ಗೋಲು. 1989–90ರ ಋತುವಿನಲ್ಲಿ ಅವರು ಮೊದಲು ತೊಟ್ಟದ್ದು, ಮುಂದೆ ಒವೆಚ್ಕಿನ್ 895 ಗೋಲುಗಳನ್ನು ದಾಟಿದ ಅದೇ ವಾಷಿಂಗ್ಟನ್ ತಂಡದ ಜೆರ್ಸಿಯನ್ನು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ವಿರಾಜಪೇಟೆ