ಹಮಾಲಿ ಲೆಕ್ಕದ ಪುಸ್ತಕ ನಮ್ಮಲ್ಲಿ ಅವ, ಯೂನಿವರ್ಸಿಟಿಯವರು ಬಂದು ನೋಡ್ಲಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ರಾಯಚೂರು ಗಂಜಿನ್ಯಾಗ, ಅಂದ್ರ ಎಪಿಎಂಸಿ ಮಾರ್ಕೆಟ್ಟಿನ್ಯಾಗ, ಒಂದು ಅಡತಿ ಅಂಗಡ್ಯಾಗ ಗುಮಾಸ್ತ ಅದೀನಿ, ಈಗ 22 ವರ್ಷ ಆತು. ಯೂನಿವರ್ಸಿಟಿಗಳ ಹವಾಮಾನ ನೀತಿ ಸಂಶೋಧನಾ ಕೇಂದ್ರದವರು ಏನೇನು ಕೆಲಸ ಮಾಡಾಕತ್ತಾರ ಅಂತ ಪೇಪರ್‌ನ್ಯಾಗ ಬಂದದ್ದನ್ನ ಬಿಡದಂಗ ಓದ್ತೀನಿ, ತಿಳಿಲಿಲ್ಲಂದ್ರ ಬೆಂಗಳೂರಾಗ ಲಾ ಓದೋ ನನ್ನ ತಂಗಿ ಮಗಳಿಗೆ ಫೋನ್ ಹಚ್ಚಿ ಕೇಳ್ತೀನಿ. ಓದಿ ಓದಿ ಒಂದು ಮಾತು ಹೇಳ್ಬೇಕು ಅನ್ನಿಸ್ಯದ, ಅದಕ್ಕ ಈ ಪತ್ರ. ಸ್ವಲ್ಪ ಉದ್ದ ಆಗ್ತದ, ದಯಮಾಡಿ ಕತ್ತರಿ ಹಾಕಬ್ಯಾಡ್ರಿ.

ಆ ಕೇಂದ್ರಗಳ ಕೆಲಸ ಸಣ್ಣದಲ್ಲ. ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯ ಸಬಿನ್ ಸೆಂಟರ್ 2009ರಾಗ ಶುರುವಾದದ್ದು, ಹವಾಮಾನದ ವಿಚಾರಕ್ಕ ದುನಿಯಾದ ಯಾವ ಯಾವ ಕೋರ್ಟಿನ್ಯಾಗ ಯಾರು ಯಾರ ಮ್ಯಾಲೆ ಕೇಸ್ ಹಾಕ್ಯಾರ ಅನ್ನೋದನ್ನೆಲ್ಲಾ ಒಂದೇ ಕಡೆ ಕೂಡಿಸಿಟ್ಟಾರ, ಯಾರು ಬೇಕಾದ್ರೂ ಪುಕ್ಕಟೆ ನೋಡ್ಬಹುದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಗ್ರಾಂಥಮ್ ಸಂಸ್ಥೆ ಅದಕ್ಕಿಂತ ಒಂದು ವರ್ಷ ಮೊದಲಿಂದು, ಅವರು ದೇಶ ದೇಶದ ಹವಾಮಾನ ಕಾನೂನು ಕೂಡಿಸ್ಯಾರ. ನಮ್ಮ ಬೆಂಗಳೂರಿನ ಐಐಎಸ್ಸಿಯೊಳಗೂ 2009ರಾಗ ದಿವೇಚಾ ಸೆಂಟರ್ ಆತು, ಮುಂಗಾರಿನ ಮ್ಯಾಲೆ, ಹಿಮಾಲಯದ ಹಿಮನದಿಗಳ ಮ್ಯಾಲೆ ಕೆಲಸ ಮಾಡ್ತಾರ.

ನನ್ನ ಮನಸ್ಸಿಗೆ ಹತ್ತಿದ್ದು ಮಾತ್ರ ವನುವಾಟು ಹುಡುಗರ ಸುದ್ದಿ. ಪೆಸಿಫಿಕ್ ಸಮುದ್ರದಾಗ ಒಂದು ಸಣ್ಣ ದ್ವೀಪದ ದೇಶ ಅದು, ಅಲ್ಲಿ ಯೂನಿವರ್ಸಿಟಿ ಕ್ಯಾಂಪಸ್ಸಿನ್ಯಾಗ ಲಾ ಓದೋ 27 ಹುಡುಗ್ರು ಹುಡಿಗ್ಯಾರು 2019ರಾಗ, ಸಮುದ್ರ ನಮ್ಮೂರು ನುಂಗಾಕತ್ತದ ಇದಕ್ಕ ಯಾರು ಜವಾಬ್ದಾರಿ ಅಂತ ಅಂತರರಾಷ್ಟ್ರೀಯ ಕೋರ್ಟಿಗೇ ಕೇಳೋಣ ಅಂತ ಹೊಂಟ್ರು, ಆಮ್ಯಾಲೆ ಅವರ ಸರ್ಕಾರ ಬೆನ್ನಿಗೆ ನಿಂತ್ತು, 2023ರ ಮಾರ್ಚಿನ್ಯಾಗ ವಿಶ್ವಸಂಸ್ಥೆ ಒಪ್ಪಿ ಪ್ರಶ್ನೆ ಕಳಿಸ್ತು, 2025ರ ಜುಲೈ 23ಕ್ಕ ಹೇಗ್‌ನ ಕೋರ್ಟು, ಹವಾಮಾನ ಕಾಪಾಡೋದು ದೇಶಗಳ ಕಾನೂನಿನ ಕರ್ತವ್ಯ ಅಂತ ಅಭಿಪ್ರಾಯ ಕೊಟ್ಟೇ ಬಿಡ್ತು. ಆರೇ ವರ್ಷದಾಗ! ಇದನ್ನ ಓದಿದ ದಿನ ರಾತ್ರಿ ನನಗ ನಿದ್ದಿ ಬರಲಿಲ್ರಿ, ಖುಷಿಗೆ.

ನಮ್ಮ ಸುಪ್ರೀಂ ಕೋರ್ಟೂ 2024ರ ಮಾರ್ಚಿನ್ಯಾಗ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮದಿಂದ ರಕ್ಷಣೆ ಅನ್ನೋದು ಸಂವಿಧಾನದ 14 ಮತ್ತು 21ನೇ ವಿಧಿಯೊಳಗ ಬರೋ ಹಕ್ಕು ಅಂದದ. ಆ ಕೇಸ್ ನಡೆದದ್ದು ರಾಜಸ್ಥಾನ, ಗುಜರಾತಿನ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಸಲುವಾಗಿ, ನಮ್ಮ ಬಳ್ಳಾರಿ ಜಿಲ್ಲಾದ ಸಿರುಗುಪ್ಪ ಕಡೆ ಎರಿ ಹೊಲದಾಗ ಬೆರಳೆಣಿಕೆಯಷ್ಟು ಉಳಿದಾವಲ್ಲ, ಅದೇ ಹಕ್ಕಿ. ಹಕ್ಕಿ ನೆಪದಾಗ ಮನುಷ್ಯರಿಗೂ ಹಕ್ಕು ಸಿಕ್ತು. ಸಿಕ್ಕಮ್ಯಾಲೆ ಅದು ಗಂಜಿನ ತನಕ ಬರಬೇಕಲ್ರಿ?

ಏಪ್ರಿಲ್, ಮೇ ಅಂದ್ರ ನಮ್ಮಲ್ಲಿ ಬ್ಯಾಸಗಿ ಭತ್ತ ಬರೋ ಟೈಮು. ತುಂಗಭದ್ರಾ ಎಡದಂಡೆ ಕಾಲುವೆ ಕಡೆಯಿಂದ ಲಾರಿ, ಟ್ರ್ಯಾಕ್ಟರ್ ಬಂದು ಸಾಲಾಗಿ ನಿಲ್ತಾವ, ಒಂದೊಂದು ಚೀಲ 75 ಕೆಜಿ. ಮ್ಯಾಲೆ ತಗಡು, ಕೆಳಗ ಕಾಂಕ್ರೀಟು, ಎರಡೂ ಕಡೆಯಿಂದ ಝಳ. ನಮ್ಮಲ್ಲಿ ಒಬ್ಬರು ಕಾಕಾ ಹಮಾಲಿ ಇದ್ರು, ವಯಸ್ಸು 50 ದಾಟಿತ್ತು. ಚೀಲಕ್ಕ ಹಾಕೋ ಕಬ್ಬಿಣದ ಹುಕ್ಕು ಬಿಸಿಲಾಗ ಕಾದು ಅಂಗೈ ಸುಡ್ತದಂತ ಅದನ್ನ ಬಕೆಟ್ ನೀರಾಗ ಅದ್ದಿ ಅದ್ದಿ ತಗೊಳ್ಳೋರು. ತಲಿಗೆ ಸುತ್ತಿದ ಹಸಿ ಟುವಾಲು ಅರ್ಧ ಲಾರಿ ಇಳಿಸೋದ್ರೊಳಗ ಒಣಗಿ ಖಡಕ್ ಆಗೋದು, ಮತ್ತ ತೋಯಿಸ್ಕೊಂಡು ಬರೋರು.

ಕೆಲವು ವರ್ಷದ ಹಿಂದ ಒಂದು ಮೇ ತಿಂಗಳಾಗ, ಮಧ್ಯಾಹ್ನ ಎರಡರ ಸುಮಾರು, ಚೀಲ ಇಳಿಸಿ ಬಂದವರು ನನ್ನ ಮೇಜಿನ ಮುಂದ ನಿಂತು "ಯಾಕೋ ಬೆವರೇ ನಿಂತು ಹೋತಲ್ಲೋ ತಮ್ಮಾ" ಅಂದ್ರು. ಬೆವರು ನಿಂತದ ಅಂದ್ರ ಮೈ ತಂಪಾಗ್ಯದ ಅಂತ ನಾನು ತಿಳ್ಕೊಂಡೆ, ಕೂಡ್ರು ಕಾಕಾ ಅಂತ ಹೇಳಿ ಒಂದು ಗ್ಲಾಸ್ ನೀರು ಕೊಟ್ಟು ಮತ್ತ ಲೆಕ್ಕಕ್ಕ ಕೂತೆ. ಅಷ್ಟು ಬಿಸಿಲಾಗ ಬೆವರು ನಿಲ್ಲೋದೇ ಅಪಾಯದ ಗುರುತು, ತಕ್ಷಣ ಮೈಮ್ಯಾಲೆ ನೀರು ಹಾಕಬೇಕು, ನೆರಳಿಗೆ ಒಯ್ದು ಗಾಳಿ ಬೀಸಬೇಕು ಅನ್ನೋದು ನನಗ ಗೊತ್ತಿರಲಿಲ್ಲ, ಗಂಜಿನ್ಯಾಗ ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಾತು ತೊದಲಾಕತ್ತಿತು, ಕಟ್ಟಿ ಮ್ಯಾಲೆ ಕೂತವರು ಹಂಗೇ ಒರಗಿದ್ರು. ಆಟೋದಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ವಿ, ಸಂಜಿಗೆ ತೀರ್ಕೊಂಡ್ರು. ಕಾಗದದಾಗ ಹೃದಯಾಘಾತ ಅಂತ ಬರದ್ರು. ಬಿಸಿಲು ಅನ್ನೋ ಅಕ್ಷರ ಅದರಾಗ ಎಲ್ಲೂ ಇಲ್ಲ. ಅದು ಇಲ್ಲಂತ ಅವರ ಹೆಣ್ತಿಗೆ ಎಲ್ಲಿ ಹೋದ್ರೂ ಪರಿಹಾರ ಸಿಗಲಿಲ್ಲ. ಆ ನೀರಿನ ಗ್ಲಾಸು ಇವತ್ತಿಗೂ ನನ್ನ ಕಣ್ಮುಂದ ಬರ್ತದ.

ನಮ್ಮ ಕಲಬುರಗಿ ವಿಭಾಗದ ಜಿಲ್ಲಾಗಳಿಗೆ, ಜೊತಿಗೆ ವಿಜಯಪುರ ಬಾಗಲಕೋಟಿಗೆ, ಬ್ಯಾಸಗ್ಯಾಗ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಆಫೀಸ್ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಅಂತ ಆದೇಶ ಬರ್ತದ. ಛಲೋ ಆದೇಶ, ಬೇಕೇ ಬೇಕು, ನೌಕರರ ಮ್ಯಾಲೆ ನನಗ ಹೊಟ್ಟಿಕಿಚ್ಚಿಲ್ಲ. ಆದ್ರ ಆ ಆದೇಶದಾಗೇ ಒಂದು ಮಾತು ಒಪ್ಕೊಂಡಂಗಾತಲ್ರಿ, ಈ ಸೀಮಿಯಾಗ ಬ್ಯಾಸಗಿ ಮಧ್ಯಾಹ್ನ ಕೆಲಸದ ಹೊತ್ತಲ್ಲ ಅಂತ. ಫ್ಯಾನ್ ಕೆಳಗ ಕೂತು ಫೈಲ್ ನೋಡೋರಿಗೆ ಆಗಲ್ಲಂದ್ರ ಬೆನ್ನ ಮ್ಯಾಲೆ ಚೀಲ ಹೊರೋರಿಗೆ, ಇಟ್ಟಂಗಿ ಭಟ್ಟಿಯವರಿಗೆ, ರೋಡಿಗೆ ಡಾಂಬರು ಹಾಕೋರಿಗೆ, ಹೊಲದಾಗ ಬಗ್ಗಿ ಕೆಲಸ ಮಾಡೋ ಹೆಣ್ಮಕ್ಕಳಿಗೆ ಹೆಂಗಾಗ್ತದ? ಅವರಿಗೆ ಯಾವ ಆದೇಶ?

ಇನ್ನೊಂದು ತೊಡಕು ತಂಗಿ ಮಗಳು ಹೇಳಿದ್ದು. ಬಯಲು ಸೀಮಿಯಾಗ ಬಿಸಿಗಾಳಿ ಅಂತ ಹವಾಮಾನ ಇಲಾಖೆ ಅನ್ಬೇಕಂದ್ರ ತಾಪ 40 ಮುಟ್ಟಿರಬೇಕು, ಅದರ ಜೊತಿಗೆ ಆ ಊರಿನ ಮಾಮೂಲಿ ತಾಪಕ್ಕಿಂತ 4.5 ಡಿಗ್ರಿ ಜಾಸ್ತಿ ಇರಬೇಕು, ಇಲ್ಲಂದ್ರ ಸೀದಾ 45 ಆಗಬೇಕು. ಈಗ ಮೇ ತಿಂಗಳಾಗ ಮಾಮೂಲೇ 40ರ ಆಜುಬಾಜು ಇರೋ ನಮ್ಮೂರಾಗ ಲೆಕ್ಕ ಹಾಕ್ರಿ, 43 ಇದ್ದ ದಿನ ಬಿಸಿಗಾಳಿ ಅಲ್ಲ! ನಿತ್ಯ ಸುಡೋ ಊರಿಗೆ ಸುಡೋದೇ ಮಾಮೂಲು ಅಂತ ಪಟ್ಟಿಯಾಗ ಬರಕೊಂಡಂಗಾತು. ಅದೂ ಅಲ್ದ ಸಿಂಧನೂರು, ಮಾನ್ವಿ ಕಡೆ ಗದ್ದಿ ನೀರಿನ ಹಸಿ ಗಾಳ್ಯಾಗ ಇರ್ತದ, ಅಲ್ಲಿ ಬೆವರು ಆರೋದಿಲ್ಲ, ಬೆವರು ಆರ್ಲಿಲ್ಲಂದ್ರ ಮೈ ತಂಪಾಗೋದಿಲ್ಲ, ಥರ್ಮಾಮೀಟರ್‌ನ್ಯಾಗ ಎರಡು ಡಿಗ್ರಿ ಕಡಿಮಿ ಇದ್ರೂ ಜೀವಕ್ಕ ಸಂಕಟ ಜಾಸ್ತಿ.

ಸಾವಿನ ಲೆಕ್ಕ ಹೆಂಗ ಹಿಡೀಬೇಕು ಅನ್ನೋದಕ್ಕ ಅಹಮದಾಬಾದ್ ದಾರಿ ತೋರಿಸ್ಯದ. 2010ರ ಮೇದಾಗ ಅಲ್ಲಿ ತಾಪ 46.8 ಮುಟ್ಟಿತ್ತು. ಸಂಶೋಧಕರು ಸರ್ಟಿಫಿಕೇಟಿನ್ಯಾಗ ಬಿಸಿಲು ಅಂತ ಬರದದೋ ಇಲ್ಲೋ ನೋಡ್ಲಿಲ್ಲ, ಆ ತಿಂಗಳು ಊರಾಗ ಸತ್ತವರು ಒಟ್ಟು ಎಷ್ಟು, ಹಿಂದಿನ ಮತ್ತು ಮುಂದಿನ ವರ್ಷ ಅದೇ ತಿಂಗಳು ಎಷ್ಟು ಅಂತ ತಾಳೆ ನೋಡಿದ್ರು. 1,344 ಜನ ಹೆಚ್ಚಿಗಿ ಸತ್ತಿದ್ರು. ಆ ಅನಾಹುತ ಆದಮ್ಯಾಲೆ 2013ರಾಗ ಅಲ್ಲಿ ಬಿಸಿಲಿನ ಕ್ರಿಯಾ ಯೋಜನೆ ಬಂತು, ಮುನ್ಸೂಚನೆ, ಆಸ್ಪತ್ರಿಗೆ ಮೊದಲೇ ಸುದ್ದಿ, ಡಾಕ್ಟರ್‌ಗಳಿಗೆ ತರಬೇತಿ, ಎಲ್ಲಾ. ಲೆಕ್ಕನೂ ಆತು, ಯೋಜನೆನೂ ಆತು. ನಮ್ಮಲ್ಲಿ ಕಾಕಾನಂಥವರು ಎಷ್ಟು ಮಂದಿ ಹೃದಯಾಘಾತದ ಲೆಕ್ಕದಾಗ ಹೋಗ್ಯಾರೋ ಯಾರು ಎಣಿಸ್ಯಾರ?

ರೊಕ್ಕದ ಮಾತೂ ಅದ. 15ನೇ ಹಣಕಾಸು ಆಯೋಗದ ಕಾಲದಾಗ, ಪರಿಹಾರದ ರೊಕ್ಕ ಸಿಗೋ ಕೇಂದ್ರದ ವಿಪತ್ತಿನ ಪಟ್ಟಿಯಾಗ ಹಿಮಕುಸಿತ ಇತ್ತು, ಚಳಿಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ. ರಾಜ್ಯಗಳು ತಾವೇ ಸೇರಿಸ್ಕೊಳ್ಳಾಕ ಮಾತ್ರ ದಾರಿ ಇತ್ತು. ಶಕ್ತಿನಗರದ ಹತ್ರ ಕೃಷ್ಣಾ ಬ್ರಿಜ್ ದಾಟಿದ್ರ ತೆಲಂಗಾಣ, ಅವರು 2025ರ ಏಪ್ರಿಲ್‌ನ್ಯಾಗ ಬಿಸಿಗಾಳಿಗೆ ರಾಜ್ಯದ ವಿಪತ್ತು ಅಂತ ಹೇಳಿ ಸತ್ತವರ ಮನಿಗೆ 4 ಲಕ್ಷ ಅಂತ ಮಾಡಿದ್ರು. ನದಿಯ ಎರಡೂ ದಂಡಿಗೆ ಬೀಳೋದು ಅದೇ ಬಿಸಿಲು.

ಈಗ ನಾನು ಕೇಳೋದು ಇಷ್ಟು. ನಮ್ಮ ರಾಯಚೂರಾಗ ಕೃಷಿ ವಿಶ್ವವಿದ್ಯಾಲಯ 2009ರಿಂದ ಅದ, ಬ್ಯಾರೆ ಯೂನಿವರ್ಸಿಟಿನೂ ಆಗ್ಯದ, ಮೆಡಿಕಲ್ ಕಾಲೇಜ್ ಅದ, ಬಳ್ಳಾರಿಯಾಗ ಕೃಷ್ಣದೇವರಾಯ ವಿವಿ 2010ರಿಂದ ಅದ, ಕೊಪ್ಪಳಕ್ಕೂ ಒಂದು ಬಂದದ. ಇವರೆಲ್ಲಾ ಕೂಡಿ ಬಿಸಿಲಾಗ ಕೂಲಿ ಮಾಡೋರ ಸಲುವಾಗಿ ಒಂದು ಸಣ್ಣ ಹವಾಮಾನ ನೀತಿ ಕೇಂದ್ರ ಮಾಡ್ಲಿ. ದೊಡ್ಡ ಬಿಲ್ಡಿಂಗ್ ಬ್ಯಾಡ. ಶಕ್ತಿನಗರದಾಗ 1985ರಿಂದ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲಾ ಕರೆಂಟ್ ಕೊಟ್ಟ ಜಿಲ್ಲಾ ಇದು, ಇಷ್ಟು ಕೇಳೋದು ತಪ್ಪಲ್ಲ. ಮೆಡಿಕಲ್ ಹುಡುಗರು ಏಪ್ರಿಲ್, ಮೇ ತಿಂಗಳ ಸಾವಿನ ರಿಜಿಸ್ಟರ್ ತಾಪದ ಜೊತಿ ತಾಳೆ ನೋಡ್ಲಿ, ಕೃಷಿಯವರು ಗಂಜಿನ್ಯಾಗ, ಹೊಲದಾಗ, ಭಟ್ಟಿಯಾಗ ತಾಪ, ಹಸಿ ಎರಡೂ ಅಳೀಲಿ, ಲಾ ಓದೋರು ಅದನ್ನ ಹಿಡ್ಕೊಂಡು ಮಧ್ಯಾಹ್ನ 12ರಿಂದ 4 ಕೆಲಸ ನಿಲ್ಲಿಸಿದ್ರ ಕೂಲಿ ಯಾರು ತುಂಬಿಕೊಡ್ಬೇಕು ಅಂತ ಸರ್ಕಾರಕ್ಕ ಕರಡು ಬರೀಲಿ. ಈ ಕೂಲಿ ಮಾತು ಭಾಳ ಮುಖ್ಯ ರೀ, ಹಮಾಲಿಗೆ ಚೀಲದ ಲೆಕ್ಕದಾಗ ರೊಕ್ಕ, ಸುಮ್ನ ಮನಿಗೆ ಹೋಗು ಅಂದ್ರ ಅವನು ಹೋಗೋದಿಲ್ಲ, ಹೋದ್ರ ಉಪವಾಸ. ಬರೆದದ್ದನ್ನ ಕನ್ನಡದಾಗ ಬರೀಲಿ, ಇಂಗ್ಲಿಷ್ ರಿಪೋರ್ಟ್ ಗಂಜಿನ್ಯಾಗ ಯಾರೂ ಓದೋದಿಲ್ಲ.

ನನ್ನ ಕಡೆಯಿಂದ ಕೊಡೋದು ಒಂದದ. 22 ವರ್ಷದ ಹಮಾಲಿ ಲೆಕ್ಕದ ಪುಸ್ತಕ ನಾನೇ ಬರೆದದ್ದು, ಗೋಡೌನ್‌ನ ಅಟ್ಟದ ಮ್ಯಾಲೆ ಗಂಟು ಕಟ್ಟಿಟ್ಟೀನಿ. ಯಾವ ತಾರೀಖಿಗೆ ಯಾವ ಲಾರಿ, ಎಷ್ಟು ಚೀಲ, ಎಷ್ಟು ಮಂದಿ ಇಳಿಸಿದ್ರು, ಎಷ್ಟೊತ್ತಿಗೆ ಮುಗೀತು, ಎಲ್ಲಾ ಅದ. ತಾಪದ ಲೆಕ್ಕ ಇಲಾಖೆ ಹತ್ರ ಇರ್ತದ, ಎರಡೂ ಪಕ್ಕ ಪಕ್ಕ ಇಟ್ಟು ನೋಡಿದ್ರ ಬಿಸಿಲು ಹಮಾಲಿಯ ಕೂಲಿಯಾಗ ಎಷ್ಟು ಕಡಿತದ ಅಂತ ಸೀದಾ ಕಾಣ್ತದ. ಸಾವುಕಾರರಿಗೆ ಕೇಳೀನಿ, ಒಯ್ಲಿ ಅಂದಾರ. ಮೇ ತಿಂಗಳ ಆ ದಿನದ ಹಾಳಿಗೆ ನಾನೇ ಒಂದು ಗುರುತು ಮಾಡೀನಿ, 41 ಚೀಲ ಅಂತ ಬರದು ಅಲ್ಲಿಗೇ ನಿಂತದ. ಯೂನಿವರ್ಸಿಟಿಯವರು ಯಾರಾದ್ರೂ ಬರೋದಿದ್ರ ಮಾರ್ಚ್ ಒಳಗ ಬರ್ಲಿ, ಏಪ್ರಿಲ್ ಹತ್ತಿದ್ರ ಲಾರಿ ಶುರು ಆಗ್ತಾವ, ನನಗೂ ಪುರಸೊತ್ತಿರೋದಿಲ್ಲ.

ಇಂತಿ,
ಗಂಜಿನ ಒಬ್ಬ ಗುಮಾಸ್ತ, ರಾಯಚೂರು