ಮನ್ಯಾಗ ಏನೂ ಇಲ್ಲ: ಗೇಮ್ ಮಾಡುವ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ಗವಿಮಠದ ಜಾತ್ರೆಗೆ ಕೊಪ್ಪಳಕ್ಕೆ ಬಂದಾಗ ನೀನು ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗಿಲ್ಲ. ಗೇಮಿಗೆ ಜಾಸ್ತಿ ದುಡ್ಡು ಹಾಕುವವರಿಗೆ ನಿಮ್ಮ ಕಡೆ ‘ವೇಲ್’ ಅಂತಾರೆ, ತಿಮಿಂಗಿಲ ಅಂದೆ. ಆಡೋರು ಎಷ್ಟೇ ಇರಲಿ, ಅಂಥ ಕೆಲವರಿಂದಲೇ ಗೇಮ್ ನಡೆಯುತ್ತೆ ಅಂದೆ. ತೇರಿನ ಗದ್ದಲದಲ್ಲಿ ನಾನು ಸುಮ್ನೆ ತಲೆ ಆಡಿಸಿದೆ. ಆಮೇಲೆ ಅಂಥ ಒಬ್ಬನನ್ನು ಕಣ್ಣಾರೆ ನೋಡಿದೆ. ಅವನು ಒಂಬತ್ತನೇ ಕ್ಲಾಸು.

ನನ್ನ ಅಂಗಡಿ ನಿನಗೆ ಗೊತ್ತಲ್ಲ. ರೀಚಾರ್ಜ್, ಸ್ಕ್ರೀನ್ ಗಾರ್ಡ್, ಜೊತೆಗೆ ಗೇಮಿನ ಕೋಡ್. ಅದನ್ನು ಹಾಕಿದರೆ ಗೇಮಿನೊಳಗೆ ಖರ್ಚು ಮಾಡೋಕೆ ‘ಡೈಮಂಡ್’ ಸಿಗುತ್ತೆ. ಹುಡುಗರು ನೋಟು ಕೊಡುತ್ತಿದ್ದರು, ನಾನು ನನ್ನ ಫೋನಿನಲ್ಲಿ ಕೋಡ್ ಕೊಂಡು ಚೀಟಿಯಲ್ಲಿ ನಂಬರ್ ಬರೆದು ಕೊಡುತ್ತಿದ್ದೆ. ನೂರಕ್ಕೆ ಐದು ರೂಪಾಯಿ ನನಗೆ.

ಅವನು ಒಂದೇ ಸಂಜೆ ನಾಲ್ಕು ಸಲ ಬಂದ. ಪ್ರತಿ ಸಲ ನೂರರ ನೋಟು, ಮಡಚಿ ಮಡಚಿ ಮುಷ್ಟಿಯಲ್ಲಿ ಹಿಡಿದದ್ದು, ಬೆವರಿಗೆ ಒದ್ದೆ. ಅಂಗಡಿ ಮುಂದಿನ ಕಟ್ಟೆ ಮೇಲೇ ಕೂತು ಗೇಮಿನ ಬಹುಮಾನದ ಚಕ್ರ ತಿರುಗಿಸಿದ. ನಾನೂ ಬಗ್ಗಿ ನೋಡಿದೆ. ಬಂದೂಕಿನ ಚಿತ್ರದ ಹತ್ತಿರ ಚಕ್ರ ನಿಧಾನ ಆಗುತ್ತೆ. ಇನ್ನೇನು ನಿಂತಿತು ಅನ್ನುವಾಗ ಒಂದು ಮನೆ ದಾಟಿಬಿಡುತ್ತೆ. “ಅಣ್ಣಾ, ಸ್ವಲ್ಪದ್ರಾಗ ತಪ್ತು, ಇನ್ನೊಂದು ಹಾಕ್ರಿ” ಅಂದ. ಅದು ಸ್ವಲ್ಪದರಲ್ಲಿ ತಪ್ಪಿದ್ದಲ್ಲ. ಬೆರಳು ಒತ್ತಿದ ಕೂಡಲೇ ಏನು ಬರಬೇಕು ಅಂತ ತೀರ್ಮಾನ ಆಗಿರುತ್ತೆ, ಚಕ್ರ ಬರೀ ತೋರಿಕೆಗೆ ಅಂತ ನನಗೆ ಹೇಳಿದವನು ನೀನೇ.

ಎರಡು ವಾರದ ಮೇಲೆ ಅವನ ತಾಯಿ ಫೋನು ಹಿಡಿದುಕೊಂಡು ಬಂದರು. “ನಮ್ ಹುಡುಗ ನಿಮ್ಮಲ್ಲಿ ಏನ್ ತಗೊಂಡಾನ್ರೀ? ಮನ್ಯಾಗ ಏನೂ ಇಲ್ಲ.” ಸಂಘದ ಕಂತಿಗೆ ಅಂತ ಡಬ್ಬಿಯಲ್ಲಿಟ್ಟಿದ್ದ 2,600 ರೂಪಾಯಿ. ಆ ಫೋನಿನಲ್ಲಿ ಗೇಮಿನ ಬೊಂಬೆಗೆ ಎರಡು ಹೊಸ ಅಂಗಿ ಇದ್ದವು. ಅವನ್ನೇ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

ಮಟ್ಕಾ ಎಷ್ಟು ಮನೆ ತಿಂದಿದೆ ಅಂತ ನೋಡಿಕೊಂಡೇ ನಾವಿಬ್ಬರೂ ಬೆಳೆದದ್ದು, ಅಲ್ವಾ? ಆ ಚೀಟಿ ಬರೆಯುವವನು ಕೂಡ ರೂಪಾಯಿಗೆ ಎಂಬತ್ತು ಅಂತ ಬಾಯಿಬಿಟ್ಟು ಹೇಳುತ್ತಾನೆ. ನೂರು ಜೋಡಿ ಅಂಕಿಯಲ್ಲಿ ಒಂದು ಹತ್ತಬೇಕು, ಹತ್ತಿದರೆ ಎಂಬತ್ತು. ಎಷ್ಟು ಹೊಡೆತ ಬೀಳುತ್ತೆ ಅಂತ ಲೆಕ್ಕ ಹಾಕಬಹುದು. ಈ ಚಕ್ರದಲ್ಲಿ ಬಂದೂಕು ಎಷ್ಟು ಸಲಕ್ಕೆ ಒಮ್ಮೆ ಬರುತ್ತೆ ಅಂತ ಆ ಹುಡುಗನಿಗೆ ಗೊತ್ತೇ ಇರಲಿಲ್ಲ. ಬಂದರೂ ಅದನ್ನು ಮಾರಿ ಕಂತು ಕಟ್ಟೋಕಾಗಲ್ಲ. ಮಟ್ಕಾ ಜೂಜಾದರೆ ಇದೂ ಜೂಜೇ. ಅದನ್ನು ಮಕ್ಕಳ ಕೈಗೆ ಕೊಟ್ಟಿದ್ದೇವೆ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ರಮ್ಮಿ ಆಟ ನಿಂತಿತು. ಬೊಂಬೆಗೆ ಅಂಗಿ ಗೆಲ್ಲಿಸುವ ಚಕ್ರ ಮಾತ್ರ ತಿರುಗುತ್ತಲೇ ಇದೆ. ಬೆಲ್ಜಿಯಂನವರು 2018ರಲ್ಲೇ ಒಳಗೆ ಏನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ, ಈ ಚಕ್ರದಂಥದೇ ಗೇಮಿನ ಪೆಟ್ಟಿಗೆಗಳನ್ನು ಜೂಜು ಅಂದರು. ಚೀನಾದಲ್ಲಿ 2017ರಲ್ಲೇ ಯಾವ ವಸ್ತು ಬರುವ ಸಾಧ್ಯತೆ ಎಷ್ಟು ಅಂತ ಕಂಪನಿ ಬಹಿರಂಗವಾಗಿ ತಿಳಿಸಲೇಬೇಕು ಅಂತ ನಿಯಮ ಬಂತು. ಅಲ್ಲಿ ಆಗಿದ್ದು ನಿಮ್ಮ ಆಫೀಸಿನಲ್ಲಿ ಯಾಕೆ ಆಗಲ್ಲ?

ತಂದೆ ತಾಯಿ ನೋಡಿಕೊಳ್ಳಬೇಕಪ್ಪ ಅಂದೆ ನೀನು. ಆ ತಾಯಿ ನಸುಕಿನಲ್ಲೇ ಎದ್ದು ಕೂಲಿಗೆ ಹೋಗುತ್ತಾರೆ. ಆ ಫೋನು ಕೊರೊನಾ ವರ್ಷದಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ಸಾಲ ಮಾಡಿ ತಂದಿದ್ದು. ಒಂದು ಕಡೆ ಅವರೊಬ್ಬರೇ. ಇನ್ನೊಂದು ಕಡೆ, ಹುಡುಗ ಎಲ್ಲಿ ಬಿಡ್ತಾನೆ, ಎಲ್ಲಿ ಮತ್ತೆ ಒತ್ತುತ್ತಾನೆ ಅಂತ ದಿನಾ ಲೆಕ್ಕ ನೋಡುವ ಓದಿದ ಜನ. ಇದರಲ್ಲಿ ಅವರು ಗೆಲ್ಲೋದು ಹೇಗೆ?

ನನ್ನ ಪಾಲಿಗೆ ಬಂದಿದ್ದ 130 ರೂಪಾಯಿ ವಾಪಸ್ ಕೊಟ್ಟೆ. ಕೋಡ್ ಮಾರೋದು ಬಿಟ್ಟೆ. ಹುಡುಗರು ಮುಂದಿನ ಅಂಗಡಿಗೆ ಹೋಗುತ್ತಾರೆ, ಗೊತ್ತು. ಮನಸ್ಸಿನ ಸಮಸ್ಯೆಗೆ ಸಲಹೆ ಕೊಡುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಆ ತಾಯಿಯಿಂದ ಫೋನ್ ಮಾಡಿಸಿದೆ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಿದರು. ಇನ್ನುಳಿದ 2,470 ರೂಪಾಯಿ ಯಾರು ಕೊಡಬೇಕು, ದೋಸ್ತ?

ಕೆಲಸ ಬಿಡು ಅಂತ ನಾನು ಹೇಳ್ತಿಲ್ಲ. ಮನೆ ಸಾಲ ಇದೆ ನಿನಗೆ. ಆದ್ರೆ ಮುಂದಿನ ಮೀಟಿಂಗಿನಲ್ಲಿ ಬಾಯಿ ಬಿಡು. ಡೈಮಂಡ್ ಬೇಡ, ಬೆಲೆ ರೂಪಾಯಿಯಲ್ಲೇ ತೋರಿಸೋಣ ಅನ್ನು. ಹದಿನೆಂಟು ತುಂಬದವರಿಗೆ ಚಕ್ರವೇ ಬೇಡ ಅನ್ನು. ಈ ಸಲ ಊರಿಗೆ ಬಂದಾಗ ಸಂಜೆ ಐದಕ್ಕೆ ಅಂಗಡಿಗೆ ಬಾ. ಶಾಲೆ ಬಿಟ್ಟಿರುತ್ತೆ. ಕಟ್ಟೆ ಮೇಲೆ ಹುಡುಗರ ಪಕ್ಕದಲ್ಲಿ ಕೂತು ನೋಡು.

ನಿನ್ನ ಉತ್ತರಕ್ಕೆ ಕಾಯ್ತಿರುತ್ತೇನೆ.

ನಿನ್ನ ಗೆಳೆಯ