ವಿದೇಶಿ ವರನ ಪಾರ್ಸೆಲ್‌ಗೆ ‘ಸುಂಕ’ ಕಟ್ಟುವ ಮುನ್ನ

ಸಂಪಾದಕರಿಗೆ ನಮಸ್ಕಾರ.

‘ಫಾರಿನ್ ವರನಿಗೆ ಮರುಳಾಗಿ ಲಕ್ಷಾಂತರ ರೂಪಾಯಿ ಕಳೆದುಕೊಂಡ ಶಿಕ್ಷಕಿ’ ಎಂಬ ಧಾಟಿಯ ತಲೆಬರಹ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಕಾಣುತ್ತದೆ. ಸುದ್ದಿಯಲ್ಲಿ ಮರುಳಾದ ವಿವರ ಧಾರಾಳವಾಗಿರುತ್ತದೆ. ಹಣ ಯಾವ ಹಂತದಲ್ಲಿ, ಏನು ಹೇಳಿ, ಯಾರ ಖಾತೆಗೆ ಹೋಯಿತು ಎಂಬುದು ಮಾತ್ರ ಕೊನೆಯ ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಓದುಗರಿಗೆ ಕೆಲಸಕ್ಕೆ ಬರುವುದು ಆ ಒಂದು ಸಾಲು. ಅದನ್ನು ಸ್ವಲ್ಪ ಬಿಡಿಸಿ ಬರೆಯಲು ಈ ಪತ್ರ.

ಪರಿಚಯ ಶುರುವಾಗುವುದು ಮ್ಯಾಟ್ರಿಮೊನಿ ತಾಣದಲ್ಲಿ ಅಥವಾ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ. ಲಂಡನ್ನಿನ ಡಾಕ್ಟರು, ಸಮುದ್ರದ ನಡುವಿನ ತೈಲಬಾವಿಯ ಎಂಜಿನಿಯರು, ಇಲ್ಲವೇ ಸಿರಿಯಾದಲ್ಲೋ ಯೆಮನ್‌ನಲ್ಲೋ ಇರುವ ಅಮೆರಿಕದ ಸೈನಿಕ. ಸಂಬಳ ದೊಡ್ಡದು, ಜಾಗ ದೂರದ್ದು, ವಿಡಿಯೊ ಕರೆ ಕೇಳಿದರೆ ‘ಇಲ್ಲಿ ಅನುಮತಿ ಇಲ್ಲ’ ಎಂದು ಜಾರಿಕೊಳ್ಳಲು ಅನುಕೂಲ. ಈ ಉದ್ಯೋಗಗಳನ್ನು ಆರಿಸಿರುವುದೇ ಅದಕ್ಕೆ. ಹೆಂಡತಿ ತೀರಿಕೊಂಡಿದ್ದಾಳೆ, ಒಬ್ಬಳೇ ಮಗಳು ಎಂಬ ಸೇರ್ಪಡೆ ಎರಡನೇ ಮದುವೆಗೆ ನೋಡುತ್ತಿರುವ ಹೆಣ್ಣುಮಕ್ಕಳನ್ನು ಲೆಕ್ಕಕ್ಕಿಟ್ಟುಕೊಂಡದ್ದು. ಎರಡು ಮೂರು ದಿನದಲ್ಲಿ ಮಾತುಕತೆ ತಾಣ ಬಿಟ್ಟು ವಾಟ್ಸ್‌ಆ್ಯಪ್‌ಗೆ ಬರುತ್ತದೆ. ತಾಣದಲ್ಲೇ ಉಳಿದರೆ ಯಾರೋ ಒಬ್ಬರು ದೂರು ಕೊಟ್ಟ ದಿನ ಪ್ರೊಫೈಲ್ ಮುಚ್ಚಿಹೋಗಬಹುದು, ಆ ಭಯ. ನಂತರ ವಾರಗಟ್ಟಲೆ ದುಡ್ಡಿನ ಸೊಲ್ಲೇ ಇಲ್ಲ. ‘ಮೋಸಗಾರನಾಗಿದ್ದರೆ ಇಷ್ಟರಲ್ಲಿ ಕೇಳುತ್ತಿದ್ದನಲ್ಲ’ ಎಂಬ ನಂಬಿಕೆ ಕುದುರುವುದು ಆ ವಾರಗಳಲ್ಲೇ.

ಎಷ್ಟೋ ಪ್ರಕರಣಗಳಲ್ಲಿ ಅವನು ಕೊನೆಯವರೆಗೂ ಕೇಳುವುದೇ ಇಲ್ಲ. ಕೇಳುವವರು ಬೇರೆ. ಒಂದು ದಿನ ರಟ್ಟಿನ ಪೆಟ್ಟಿಗೆಯ ಫೋಟೊ ಬರುತ್ತದೆ: ಐಫೋನು, ಗಡಿಯಾರ, ಚಿನ್ನದ ಸರ, ಅಡಿಯಲ್ಲಿ ಪೌಂಡ್ ನೋಟಿನ ಕಟ್ಟು. ಮೂರನೇ ದಿನ ‘ದಿಲ್ಲಿ ಏರ್‌ಪೋರ್ಟ್ ಕಸ್ಟಮ್ಸ್’ನಿಂದ ಒಬ್ಬ ಹೆಂಗಸಿನ ಕರೆ. ಸುಂಕ 34,500 ರೂಪಾಯಿ ಎನ್ನೋಣ. ಮೊತ್ತ ಯಾವಾಗಲೂ ಹೀಗೆ ಚಿಲ್ಲರೆ ಲೆಕ್ಕದಲ್ಲಿ, ಕಟ್ಟಬಹುದು ಅನ್ನಿಸುವಷ್ಟೇ ಇರುತ್ತದೆ. ಅದು ಸಂದಾಯವಾದ ಮೇಲೆ ‘ಸ್ಕ್ಯಾನಿಂಗ್‌ನಲ್ಲಿ ವಿದೇಶಿ ನೋಟು ಕಂಡಿವೆ, ಮನಿ ಲಾಂಡರಿಂಗ್ ಸರ್ಟಿಫಿಕೇಟ್ ಆಗಬೇಕು’ ಎಂದು ಒಂದೂವರೆ ಲಕ್ಷ. ಆಮೇಲೆ ಕರೆನ್ಸಿ ಬದಲಾವಣೆ ಶುಲ್ಕ, ಭಯೋತ್ಪಾದನೆ ವಿರೋಧಿ ಸರ್ಟಿಫಿಕೇಟ್, ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಒಂದು ಇಮೇಲ್. ‘ಇದನ್ನು ಕಟ್ಟದಿದ್ದರೆ ಹಿಂದಿನದೂ ಹೋಗುತ್ತದೆ, ಕೇಸೂ ಬೀಳುತ್ತದೆ’ ಎಂಬ ಎರಡು ಅಲಗಿನ ಮಾತಿಗೆ ಜನ ಒಡವೆ ಅಡವಿಡುತ್ತಾರೆ.

ಈಗ ಆ ‘ಕಸ್ಟಮ್ಸ್’ ಕಳಿಸಿದ ಖಾತೆಯ ವಿವರವನ್ನೇ ಒಂದು ನಿಮಿಷ ನೋಡಿ. ಅಲ್ಲಿರುವುದು ಯಾರೋ ಒಬ್ಬ ವ್ಯಕ್ತಿಯ ಉಳಿತಾಯ ಖಾತೆ. ಐಎಫ್‌ಎಸ್‌ಸಿಯ ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕ್, ಕೊನೆಯ ಆರು ಶಾಖೆ. ಗೂಗಲ್‌ಗೆ ಹಾಕಿದರೆ ಶಾಖೆ ಯಾವ ಊರಿನದೆಂದು ತಕ್ಷಣ ಗೊತ್ತಾಗುತ್ತದೆ. ಸರ್ಕಾರದ ಸುಂಕ ಉಳಿತಾಯ ಖಾತೆಗೆ ಜಮೆಯಾಗುವುದಿಲ್ಲ, ಯುಪಿಐ ಕ್ಯೂಆರ್ ಕೋಡ್ ಆಗಿ ವಾಟ್ಸ್‌ಆ್ಯಪ್‌ನಲ್ಲಿ ಬರುವುದೂ ಇಲ್ಲ. ಹಿಂದೆ ನೆಫ್ಟ್‌ನಲ್ಲಿ ಹಣ ಜಮೆಯಾಗುತ್ತಿದ್ದದ್ದು ಖಾತೆ ಸಂಖ್ಯೆಯ ಮೇಲೆ ಮಾತ್ರ. ಹೆಸರಿನ ಜಾಗದಲ್ಲಿ ‘ಕಸ್ಟಮ್ಸ್ ಆಫೀಸ್’ ಎಂದು ತುಂಬಿದರೂ ಯಾರೂ ತಾಳೆ ನೋಡುತ್ತಿರಲಿಲ್ಲ. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 1ರ ಗಡುವು ಕೊಟ್ಟು ನೆಫ್ಟ್, ಆರ್‌ಟಿಜಿಎಸ್‌ನಲ್ಲೂ ಹಣ ಕಳಿಸುವ ಮೊದಲು ಖಾತೆದಾರರ ನಿಜ ಹೆಸರು ತೋರಿಸುವ ವ್ಯವಸ್ಥೆ ಮಾಡಿಸಿದೆ. ಯುಪಿಐನಲ್ಲಿ ಅದು ಮೊದಲೇ ಇತ್ತು. ಆ ಹೆಸರನ್ನು ಗಟ್ಟಿಯಾಗಿ ಓದಿ. ಲಂಡನ್ನಿನ ಪಾರ್ಸೆಲ್‌ಗೂ ಆ ಹೆಸರಿಗೂ ಏನು ಸಂಬಂಧ ಎಂದು ಕರೆ ಮಾಡಿದವರನ್ನೇ ಕೇಳಿ. ‘ನಮ್ಮ ಏಜೆಂಟರು’ ಎಂದರೆ ಫೋನ್ ಇಡಿ.

ಕಸ್ಟಮ್ಸ್ ಕಡೆಯಿಂದಲೂ ಪರೀಕ್ಷೆ ಸುಲಭವಿದೆ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ಅಧಿಕಾರಿಗಳು ಕಳಿಸುವ ಪತ್ರ, ನೋಟಿಸುಗಳಿಗೆ 2019ರ ನವೆಂಬರ್‌ನಿಂದ ‘ಡಿಐಎನ್’ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಇದೇ ಕಥೆಯ ಇನ್ನೊಂದು ಪಾಠ, ‘ನಿನ್ನನ್ನು ನೋಡಲು ಬಂದೆ, ಡಾಲರ್ ಜೊತೆ ಏರ್‌ಪೋರ್ಟ್‌ನಲ್ಲಿ ಹಿಡಿದಿದ್ದಾರೆ’ ಎನ್ನುವುದು. ನಿಯಮ ಇಷ್ಟೇ: 5,000 ಡಾಲರ್‌ಗಿಂತ ಹೆಚ್ಚಿನ ನೋಟು, ಅಥವಾ ನೋಟು, ಟ್ರಾವೆಲರ್ಸ್ ಚೆಕ್ ಎಲ್ಲ ಸೇರಿ 10,000 ಡಾಲರ್ ಮೀರಿದರೆ ಬರುವವರು ಡಿಕ್ಲರೇಷನ್ ಫಾರ್ಮ್ ತುಂಬಬೇಕು. ಆ ಫಾರ್ಮಿಗೆ ಶುಲ್ಕವಿಲ್ಲ. ಬೇರೆ ವಸ್ತುವಿಗೆ ಸುಂಕ ಬಿದ್ದರೆ ಪ್ರಯಾಣಿಕರು ಕೌಂಟರಿನಲ್ಲಿ ತಾವೇ ಕಟ್ಟಿ ರಸೀದಿ ಪಡೆಯುತ್ತಾರೆ. ಜೇಬಿನಲ್ಲಿ ಸಾವಿರಾರು ಡಾಲರ್ ಇರುವ ಮನುಷ್ಯನಿಗೆ ದಾವಣಗೆರೆಯಿಂದ ಮೂವತ್ತು ಸಾವಿರ ರೂಪಾಯಿ ಏಕೆ ಬೇಕಾಯಿತು ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಪಕ್ಕದ ತಾಲ್ಲೂಕಿನ ಗಂಡಾದರೆ ನಾಲ್ಕು ಮನೆ ವಿಚಾರಿಸದೆ ನಾವು ಜಾತಕ ಕೂಡ ಕೊಡುವುದಿಲ್ಲ. ಲಂಡನ್ನಿನ ಗಂಡಿನ ವಿಷಯದಲ್ಲಿ ‘ಅಷ್ಟು ದೂರ ಹೇಗೆ ವಿಚಾರಿಸುವುದು’ ಎಂದು ಬಿಟ್ಟುಬಿಡುತ್ತೇವೆ. ನಿಜ ಹೇಳಬೇಕೆಂದರೆ ಅಲ್ಲಿನದು ಇನ್ನೂ ಸುಲಭ. ಬ್ರಿಟನ್ನಿನಲ್ಲಿ ವೃತ್ತಿ ನಡೆಸುವ ಪ್ರತಿ ಡಾಕ್ಟರ ಹೆಸರೂ ಜನರಲ್ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ಏಳಂಕಿಯ ಸಂಖ್ಯೆಯೊಂದಿಗೆ ಇರುತ್ತದೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಕಂಪನಿ ನಡೆಸುತ್ತೇನೆ ಎನ್ನುವವರ ಹೆಸರು ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಸಿಗಬೇಕು. ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಅಸಲಿ ಡಾಕ್ಟರ ಹೆಸರು, ಫೋಟೊ ಕದ್ದು ಬಳಸುವವರಿದ್ದಾರೆ. ಆಸ್ಪತ್ರೆಯ ಜಾಲತಾಣದಲ್ಲಿರುವ ದೂರವಾಣಿಗೆ ಕರೆ ಮಾಡಿ ಅವರನ್ನು ಕೊಡಿಸಿ ಎನ್ನಿ. ಅವನು ಕೊಟ್ಟ ನಂಬರಿಗೆ ಮಾಡಿದರೆ ವಿಚಾರಿಸಿದಂತಾಗಲಿಲ್ಲ.

+44 ಎಂದು ಶುರುವಾದ ಮಾತ್ರಕ್ಕೆ ಕರೆ ಬ್ರಿಟನ್ನಿನದೆಂದೂ ಅಲ್ಲ. ಅದರ ಮುಂದೆ 70 ಇದ್ದರೆ ಅದು ಮೊಬೈಲೇ ಅಲ್ಲ, ಲೋಕದ ಯಾವ ಮೂಲೆಗಾದರೂ ತಿರುಗಿಸಬಹುದಾದ ನಂಬರು. ಗಡಿಯಾರವನ್ನೂ ಗಮನಿಸಿ: ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಬ್ರಿಟನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಉಳಿದ ತಿಂಗಳು ಐದೂವರೆ ಗಂಟೆ. ನಮ್ಮ ಬೆಳಗಿನ ಎಂಟಕ್ಕೆ ದಿನಾ ‘ಡ್ಯೂಟಿಗೆ ಹೊರಟೆ’ ಎನ್ನುವವನಿಗೆ ಅಲ್ಲಿ ಇನ್ನೂ ನಡುರಾತ್ರಿ. ಫೋಟೊವನ್ನು, ಅದೇ ಚಿತ್ರ ಬೇರೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್, ಟಿನ್‌ಐಗೆ ಹಾಕಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಏನೂ ಸಿಗದಿದ್ದರೆ ಮನುಷ್ಯ ಅಸಲಿ ಎಂದಲ್ಲ. ಕನ್ನಡಿಯಲ್ಲಿನಂತೆ ಎಡಬಲ ತಿರುಗಿಸಿದ ಫೋಟೊ, ಕಂಪ್ಯೂಟರ್ ಸೃಷ್ಟಿಸಿದ ಮುಖ ಎರಡೂ ಅದರ ಕೈಗೆ ಸಿಗದೆ ಹೋಗಬಹುದು. ವಿಡಿಯೊ ಕರೆಯಲ್ಲಿ ಮುಖದ ಮುಂದೆ ಅಂಗೈ ಆಡಿಸಲು, ಪೂರ್ತಿ ಪಕ್ಕಕ್ಕೆ ತಿರುಗಲು ಹೇಳಿದರೆ ಮುಖ ಬದಲಿಸುವ ಸಾಫ್ಟ್‌ವೇರ್ ಕೆಲವೊಮ್ಮೆ ಕದಡುತ್ತದೆ. ಕದಡದಿದ್ದರೆ ಅದನ್ನೂ ಪುರಾವೆ ಎಂದುಕೊಳ್ಳಬಾರದು.

ಗಂಡಸರಿಗೆ ಹೆಚ್ಚಾಗಿ ಬರುವುದು ಬೇರೆ ಪಾಠ. ಸಿಂಗಪುರದ್ದೋ ಹಾಂಕಾಂಗಿನದೋ ಎಂದು ಹೇಳಿಕೊಳ್ಳುವ ಹೆಣ್ಣು ಸ್ನೇಹವಾದ ಮೇಲೆ ಕ್ರಿಪ್ಟೊ ಅಥವಾ ಟ್ರೇಡಿಂಗ್ ಆ್ಯಪ್ ತೋರಿಸುತ್ತಾಳೆ. ಮೊದಲು ಸಣ್ಣ ಮೊತ್ತ ಲಾಭದೊಂದಿಗೆ ವಾಪಸ್ ಬರುತ್ತದೆ, ಮೋಸ ಇರುವುದೇ ಆ ವಾಪಸಿನಲ್ಲಿ. ದೊಡ್ಡದು ಹಾಕಿ ತೆಗೆಯಲು ಹೋದಾಗ ‘ಮೊದಲು 30 ಪರ್ಸೆಂಟ್ ತೆರಿಗೆ ಕಟ್ಟಿ’ ಎನ್ನುತ್ತದೆ ಆ್ಯಪ್. ಭಾರತದಲ್ಲಿ ಕ್ರಿಪ್ಟೊ ಲಾಭಕ್ಕೆ 30 ಪರ್ಸೆಂಟ್ ತೆರಿಗೆ ಇರುವುದು ನಿಜ, ಆದರೆ ಅದನ್ನು ಪ್ಯಾನ್ ಸಂಖ್ಯೆಯ ಮೇಲೆ ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು, ಆ್ಯಪ್‌ಗಲ್ಲ. ಆ ಕಡೆ ಟೈಪ್ ಮಾಡುತ್ತಿರುವವರೂ ಸೆರೆಯಾಳುಗಳಾಗಿರಬಹುದು: ಕನಿಷ್ಠ 1,20,000 ಜನ ಮ್ಯಾನ್ಮಾರ್‌ನಲ್ಲಿ, ಸುಮಾರು 1,00,000 ಜನ ಕಾಂಬೋಡಿಯಾದಲ್ಲಿ ಬಲವಂತಕ್ಕೆ ಸಿಕ್ಕಿ ಇಂಥ ಕೆಲಸ ಮಾಡುತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ಹೇಳಿತ್ತು.

ಹಣ ಹೋಗಿದ್ದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಗಂಡನಿಗೋ ಅಣ್ಣನಿಗೋ ಹೇಗೆ ಹೇಳಲಿ ಎಂಬುದು ಆಮೇಲಿನ ಮಾತು. ಹಣ ಮೊದಲ ಖಾತೆಯಿಂದ ಹತ್ತಾರು ಖಾತೆಗಳಿಗೆ ಹಂಚಿಹೋಗಿ ಎಟಿಎಂನಲ್ಲಿ ಹೊರಬೀಳಲು ಹೆಚ್ಚು ಹೊತ್ತು ಬೇಡ, ಅಷ್ಟರೊಳಗೆ ಬ್ಯಾಂಕಿಗೆ ತಡೆ ಹಾಕುವ ಸೂಚನೆ ಹೋಗಬೇಕು. ಕರೆ ಮಾಡುವಾಗ ಕೈಯಲ್ಲಿರಬೇಕಾದದ್ದು ವಹಿವಾಟಿನ ಸಂಖ್ಯೆ (ಯುಪಿಐನದು 12 ಅಂಕಿ, ನೆಫ್ಟ್‌ನ ಯುಟಿಆರ್ 16 ಅಕ್ಷರ), ದಿನ, ಗಂಟೆ, ಮೊತ್ತ, ಹೋದ ಖಾತೆ. ಹಾಗೆಯೇ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಭೇಟಿ. ತಡೆಹಿಡಿದ ಹಣ ಸಿಕ್ಕರೆ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ‘ಮೂರು ದಿನದೊಳಗೆ ಹೇಳಿದರೆ ಬ್ಯಾಂಕೇ ತುಂಬಿಕೊಡುತ್ತದೆ’ ಎಂಬ ಮಾತನ್ನು ನೆಚ್ಚಬೇಡಿ. ರಿಸರ್ವ್ ಬ್ಯಾಂಕಿನ 2017ರ ಆ ಸುತ್ತೋಲೆ ಗ್ರಾಹಕರ ಅರಿವಿಗೆ ಬಾರದೆ ನಡೆದ ವಹಿವಾಟಿಗೆ. ನಾವೇ ಪಿನ್ ಒತ್ತಿ ಕಳಿಸಿದ್ದು ಅದರೊಳಗೆ ಬರುವುದಿಲ್ಲ.

ಸಿಟ್ಟಿಗೋ ನಾಚಿಕೆಗೋ ಚಾಟ್ ಅಳಿಸುವುದು ಬೇಡ. ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಖಾಸಗಿ ಚಿತ್ರ ಇಟ್ಟುಕೊಂಡು ಹೆದರಿಸುತ್ತಿದ್ದರೆ ದುಡ್ಡು ಕೊಟ್ಟಷ್ಟೂ ಬೇಡಿಕೆ ಬೆಳೆಯುತ್ತದೆ. ಸ್ಟಾಪ್‌ಎನ್‌ಸಿಐಐ ಎಂಬ ತಾಣ ಚಿತ್ರವನ್ನು ಪಡೆಯದೆಯೇ ಅದರ ಡಿಜಿಟಲ್ ಗುರುತು ಮಾತ್ರ ತೆಗೆದುಕೊಂಡು, ತನ್ನೊಂದಿಗೆ ಕೈಜೋಡಿಸಿರುವ ಸಾಮಾಜಿಕ ಜಾಲತಾಣಗಳಲ್ಲಿ ಹರಡದಂತೆ ತಡೆಯಲು ನೆರವಾಗುತ್ತದೆ. ಕೆಲವು ತಿಂಗಳ ನಂತರ ‘ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ ಫೀಸು ಕಟ್ಟಿ’ ಎಂದು ಪೊಲೀಸ್ ಹೆಸರಲ್ಲಿ, ವಕೀಲರ ಹೆಸರಲ್ಲಿ ಕರೆ ಬರಬಹುದು. ಒಮ್ಮೆ ಕೊಟ್ಟವರ ನಂಬರು ಆ ಜಾಲದ ಪಟ್ಟಿಯಲ್ಲಿ ಉಳಿದಿರುತ್ತದೆ.

ಸಂಪಾದಕರಲ್ಲಿ ಒಂದು ಬೇಡಿಕೆ. ಇಂಥ ಸುದ್ದಿಯ ತಲೆಬರಹದಿಂದ ‘ಮರುಳಾದ’ ಎಂಬ ಪದ ತೆಗೆಯಿರಿ. ಊರವರು ಹೀಗೆ ಓದಿ ನಗುತ್ತಾರೆಂಬ ಅಂಜಿಕೆಗೇ ದೂರು ವಾರಗಟ್ಟಲೆ ತಡವಾಗುವುದು. ಉಳಿದ ಜಾಗದಲ್ಲಿ 1930 ಎಂದು ದಪ್ಪಕ್ಷರದಲ್ಲಿ ಹಾಕಿ.

— ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ